ದುರ್ಯೋಧನನಿಗೊಂದು ಇಂಗ್ಲಿಷ್ ಹಾರೈಕೆ

ಟಿ. ನರಸೀಪುರ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವವರು ಪಾರ್ಟಿಗೆ ತಾವೇ ದುಡ್ಡು ಕಟ್ಟಬೇಕು. ದುರ್ಯೋಧನನ ಪಾರ್ಟು ದುಬಾರಿ. ಅದಕ್ಕಾಗಿ ನಮ್ಮ ಭಾವ ಹಸು ಮಾರಿದ್ದರು. ಅವತ್ತಿನಿಂದ ಅಕ್ಕ ಅವರೊಡನೆ ಮಾತು ಬಿಟ್ಟಿದ್ದಳು.

ನಾನು ನಂಜನಗೂಡಿನಿಂದ ಹಾರ, ಒಂದು ಚಿಪ್ಪು ರಸಬಾಳೆ ಹಿಡಿದು ಹೋದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಬಣ್ಣದ ಕೋಣೆಗೆ ನುಗ್ಗಿ, ಕಿರೀಟ ಕಟ್ಟಿಸಿಕೊಳ್ಳುತ್ತಿದ್ದ ಭಾವನಿಗೆ, “ಬ್ರೇಕ್ ಎ ಲೆಗ್!” ಅಂದೆ.

“ಏನಂದೆ ಬಾಮೈದ?”

“ಕಾಲು ಮುರ್ಕೊಳ್ಳಿ ಅಂತ, ಭಾವ.”

ಮೀಸೆ ಅಂಟಿಸಿಕೊಳ್ಳುತ್ತಿದ್ದ ಭೀಮ ಎದ್ದು ಬಂದು ನನ್ನ ಕೈ ಕುಲುಕಿದ.

ನಾನು ಬಿಡಿಸಿ ಹೇಳಿದೆ. ‘ಒಳ್ಳೆಯದಾಗಲಿ’ ಅಂದರೆ ಕೆಟ್ಟದಾಗುತ್ತದೆಂದು ಇಂಗ್ಲಿಷ್ ನಾಟಕದವರ ಭಯ, ಅದಕ್ಕೇ ಉಲ್ಟಾ ಹಾರೈಕೆ. 1921ರಲ್ಲಿ ರಾಬರ್ಟ್ ಲಿಂಡ್ ಎಂಬ ಲೇಖಕ, ಕುದುರೆ ಜೂಜಿನವರೂ ಹೀಗೇ ಹರಸುತ್ತಾರೆಂದು ಬರೆದಿದ್ದಾನೆ. ಜರ್ಮನರು ಕಾಲಿನ ಜೊತೆ ಕತ್ತನ್ನೂ ಮುರಿಸುತ್ತಾರೆ. ನಾವೂ ಹೋಗುವಾಗ ‘ಬರ್ತೀನಿ’ ಅನ್ನಲ್ವಾ, ಮಗು ಉಳೀಲಿ ಅಂತ ತಿಪ್ಪಯ್ಯ ಅಂತ ಹೆಸರಿಡಲ್ವಾ?

ಭಾವನ ಎರಡೂ ಕೈ ಆಗಲೇ ತೊಡೆಯ ಮೇಲಿದ್ದವು. ಹತ್ತನೇ ಶತಮಾನದಲ್ಲಿ ರನ್ನ ‘ಗದಾಯುದ್ಧ’ ಬರೆಯುವ ಮೊದಲಿಂದಲೂ ತೊಡೆ ಮುರಿಸಿಕೊಂಡೇ ಸಾಯುತ್ತಿರುವವನನ್ನು ಹುಡುಕಿಕೊಂಡು ಹೋಗಿ ಈ ಮಾತು ಹೇಳಿದ್ದೆನಲ್ಲ!

ರಾತ್ರಿಯೆಲ್ಲ ಭಾವ ಚೆನ್ನಾಗಿಯೇ ಹಾಡಿದರು, ‘ಒನ್ಸ್ ಮೋರ್’ಗಳೂ ಬಿದ್ದವು. (ಆ ಇಂಗ್ಲಿಷು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.) ಮೂಡಲು ಬೆಳಗಾಗುವ ಹೊತ್ತಿಗೆ ಗದಾಯುದ್ಧ. ವೈಶಂಪಾಯನ ಸರೋವರದಿಂದ ದುರ್ಯೋಧನ ಮೇಲೇಳಲಿಕ್ಕೇ ಮೀನಮೇಷ ಎಣಿಸಿದ. ಕೃಷ್ಣ ತೊಡೆ ತಟ್ಟಿ ಸನ್ನೆ ಮಾಡಿದ. ಭೀಮ ಗದೆ ಬೀಸಿದ. ಭಾವ ಚಂಗನೆ ಹಾರಿದರು. ಮತ್ತೆ ಬೀಸಿದ, ಮತ್ತೆ ಹಾರಿದರು. ಕೃಷ್ಣನ ತೊಡೆ ಕೆಂಪಾಯಿತು. ಹಾರ್ಮೋನಿಯಂ ಮೇಷ್ಟ್ರು ಗದಾಯುದ್ಧದ ಮಟ್ಟು ಮುಗಿಸಿ, ಕೈಗೆ ಬಂದದ್ದನ್ನೆಲ್ಲ ನುಡಿಸತೊಡಗಿದರು. “ಬೀಳಣ್ಣೋ, ನಿನ್ ಕಾಲಿಗ್ ಬೀಳ್ತೀನಿ” ಎಂದು ಭೀಮ ಅಂಗಲಾಚಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿತು. ಕುರುವಂಶ ಉಳಿಯುವ ಲಕ್ಷಣ ಕಂಡಿತು.

ಆಗ ಹೆಂಗಸರ ಸಾಲಿನಿಂದ ಅಕ್ಕ ಎದ್ದಳು. “ರೀ, ಸಾಕು ಬೀಳ್ರೀ! ಉಳಿದಿರೋ ಒಂದು ಹಸುವಿನ ಹಾಲನ್ನಾದ್ರೂ ಡೈರಿಗೆ ಹಾಕ್ಬೇಕು!”

ಗದೆ ತಾಗುವ ಮುಂಚೆಯೇ ಭಾವ ದೊಪ್ಪನೆ ಬಿದ್ದರು.

ಇಷ್ಟು ಹೊತ್ತು ಕಾದಾಡಿದ ದುರ್ಯೋಧನನನ್ನು ಸುತ್ತಲ ಹಳ್ಳಿಗಳಲ್ಲಿ ಯಾರೂ ಕಂಡಿರಲಿಲ್ಲವಂತೆ. ನಾನು ಬಸ್ಸಿಗೆ ಕಾಯುತ್ತಿದ್ದಾಗ, ಮುಂದಿನ ಸಲ ಕರ್ಣನ ಪಾರ್ಟಿಗೆ ಮುಂಗಡ ಕೊಟ್ಟವರೊಬ್ಬರು ಬಂದು ಪಕ್ಕದಲ್ಲಿ ಕೂತರು. ತುಸು ಹೊತ್ತು ಬಿಟ್ಟು ಮೆಲ್ಲಗೆ ಕೇಳಿದರು: “ಸಾ, ರಥದ ಚಕ್ರಕ್ಕೂ ಇಂಗ್ಲಿಷ್‌ನಲ್ಲಿ ಏನಾದ್ರೂ ಐತಾ?”