ಮರಕ್ಕೊಂದು ಕೋಟ್

ನವಿ ಮುಂಬಯಿಯ ಕಾಮೋಠೆಯಲ್ಲಿ ಯಾವ ಸೊಸೈಟಿಗೆ ಹೋದರೂ ಒಬ್ಬ ಕಾಂಟ್ರಾಕ್ಟರ್ ಕಾಕಾ ಸಿಕ್ಕೇ ಸಿಗುತ್ತಾರೆ. ನಮ್ಮ ಸೊಸೈಟಿಯ ಕಾಕಾ ವಿಜಾಪುರದ ಕಡೆಯವರು. ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋದ ಸೆಕ್ಟರುಗಳಲ್ಲಿ ಕಟ್ಟಡಗಳು ಏಳುತ್ತಿದ್ದ ಕಾಲಕ್ಕೆ ಪ್ಲಾಸ್ಟರಿನ ಗುತ್ತಿಗೆ ಹಿಡಿದು ಬಂದು ಇಲ್ಲೇ ಉಳಿದವರು. ಈಗ ಕೆಲಸ ಬಿಟ್ಟಿದ್ದಾರೆ, ಕೈ ಬಿಟ್ಟಿಲ್ಲ. ಬಿಲ್ಡಿಂಗಿಗೆ ಕೈ ಹಾಕಿದರೆ ಸದಸ್ಯರು ಲೆಕ್ಕ ಕೇಳುತ್ತಾರೆ. ಮರ ಕೇಳುವುದಿಲ್ಲ. ಹೀಗಾಗಿ ಗೇಟಿನ ಗುಲ್‌ಮೊಹರು ಮತ್ತು ಹಿಂದಿನ ಕಾಡುಬಾದಾಮಿ ಅವರ ಪಾಲಿಗೆ ಬಂದಿವೆ.

ಕಾಕಾಗೆ ಮರವೆಂದರೆ ಪ್ರಾಣ. ಆದರೆ ಅವರ ಕಣ್ಣಿಗೆ ಅದೂ ಒಂದು ಕಟ್ಟಡವೇ. ಸೊಂಟದವರೆಗೆ ಕೆಮ್ಮಣ್ಣಿನ ಗೇರು, ಮೇಲೊಂದು ಸುಣ್ಣದ ಪಟ್ಟಿ ಆಗಲೇಬೇಕು. ಕಾಂಪೌಂಡಿಗೆ ಹೊಡೆದ ಆಯಿಲ್ ಪೇಂಟು ಉಳಿದರೆ ಅದೂ ತೊಗಟೆಗೇ. “ಒಂದ್ ಕೋಟ್ ಹೊಡಸ್ಲಿಲ್ಲಂದ್ರ ಸೊಸೈಟಿ ಶೋಭಾ ಏನ್ ಉಳೀತ್ರಿ?” ಬೋರ್ಡು ತೂಗುಹಾಕಲು ನಾಲ್ಕಿಂಚಿನ ಮೊಳೆ. ಬುಡಕ್ಕೆ ಒತ್ತಿ ಪೇವರ್ ಬ್ಲಾಕು, ಸಂದಿಗೆ ಸಿಮೆಂಟು.

ಬೇರಿಗೂ ಗಾಳಿ ಬೇಕು, ನೀರು ಇಂಗಬೇಕು ಕಾಕಾ. 2013ರಲ್ಲೇ ಹಸಿರು ನ್ಯಾಯಮಂಡಳಿ ದಿಲ್ಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ಆದೇಶಿಸಿದೆ ಎಂದೆ.

“ಅದು ದಿಲ್ಲಿ ಮಾತ್ರೀ. ಇಲ್ಲಿ ಸ್ಕೂಟರ್ ನಿಲ್ಸಾಕ ಜಾಗಾ ಇಲ್ಲ.”

ಮೇ ತಿಂಗಳು ಬಂತೆಂದರೆ ಮಳೆಗಾಲದ ತಯಾರಿ. ಗುಲ್‌ಮೊಹರು ಇನ್ನೂ ಕೆಂಪಗೆ ಹೂಬಿಟ್ಟಿರುವಾಗಲೇ ನೆತ್ತಿ ಹಾರಿಸುತ್ತಾರೆ. ಎಲೆ ಕಳೆದುಕೊಂಡ ಮರ ಹೊಟ್ಟೆಪಾಡಿಗಾಗಿ ಕಂಗಾಲಾಗಿ ಸೆಟೆದ ಚಿಗುರು ಹೊರಡಿಸುತ್ತದೆ. “ನೋಡ್ರಿ, ಹೆಂಗ್ ಚಿಗತೈತಿ!” ಆ ಚಿಗುರಿಗೆ ಕಾಂಡದಲ್ಲಿ ಸರಿಯಾದ ಹಿಡಿತವಿರುವುದಿಲ್ಲ. ದಪ್ಪವಾದ ಮೇಲೆ ಗಾಳಿಗೆ ಮುರಿದು ಕಾರಿನ ಮೇಲೆ ಬೀಳುವುದು ಅದೇ. ಬಿದ್ದಾಗ ಕಾಕಾ, “ನಾ ಮೊದ್ಲಽ ಹೇಳಿದ್ನಿ, ಇನ್ನೂ ಕೆಳಗ ಕಡೀಬೇಕಿತ್ತು” ಎನ್ನುತ್ತಾರೆ. ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಮರಕ್ಕೆ ಯಾವ ಬಗೆಯ ಹಾನಿ ಮಾಡಿದರೂ ಕಡಿದಂತೆಯೇ ಎಂದು ನೆನಪಿಸಿದರೆ, “ಕಡದಿಲ್ರಿ, ಕಟಿಂಗ್ ಮಾಡ್ಸೀನಿ.”

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ದಿಮ್ಮಿ ಸೀಳಿ ನೋಡಿ, 1977ರಲ್ಲಿ ಒಂದು ಸಂಗತಿ ಬರೆದ: ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ, ಕೊಳೆತ ಹರಡದಂತೆ ಮರವೇ ಒಳಗೆ ನಾಲ್ಕು ಬಗೆಯ ಗೋಡೆ ಎಬ್ಬಿಸಿಕೊಳ್ಳುತ್ತದೆ. ಆ ಕೆಲಸಕ್ಕೆ ಕೊಂಬೆಯ ಬುಡದ ಉಬ್ಬಿದ ಕತ್ತು ಬಿಟ್ಟು ಕತ್ತರಿಸಬೇಕು. ಡಾಂಬರು ಮೆತ್ತಿ ಉಪಯೋಗವಿಲ್ಲ. ಇದನ್ನು ಹೇಳಿದಾಗ ಕಾಕಾ ಖುಷಿಯಾದರು. “ಮರಾನೂ ಗೌಂಡಿ ಅನ್ರಿ!” ಹೌದು ಕಾಕಾ, ಅದರ ಕೆಲಸ ಅದಕ್ಕೇ ಬಿಡಿ ಎಂದೆ. ಅವರು ಆಗಲೇ ಗರಗಸ ಆಡಿಸುತ್ತಿದ್ದರು; ಕತ್ತೂ ಸೇರಿ ಕಾಂಡದ ಸಮಕ್ಕೆ. “ಕರಣಿ ಆಡಿಸಿದ್ರ ಎಲ್ಲೂ ತಟ್ಟಬಾರ್ದು ನೋಡ್ರಿ.”

ಮುಂದೆ, ಕತ್ತರಿಸಿದ ಆ ಜಾಗದಲ್ಲೇ ಬಾದಾಮಿಗೆ ಪೊಟರೆ ಬಿತ್ತು. ಸಿಮೆಂಟು ತುಂಬಿದರು. ಗಾಳಿಗೆ ಮರ ತೂಗುತ್ತದೆ, ಸಿಮೆಂಟು ತೂಗುವುದಿಲ್ಲ. ಮೊದಲ ಮಳೆಗೇ ಸುತ್ತ ಬಿರುಕು, ಬಿರುಕಿನಲ್ಲಿ ನೀರು. ಕಾಕಾ ಎರಡು ದಿನ ಅದರೆದುರು ಕೈಕಟ್ಟಿ ನಿಂತರು. ಈ ಸಲ ಬುದ್ಧಿ ಬಂತೆಂದು ನಾವು ಅಂದುಕೊಂಡೆವು. ಭಾನುವಾರ ನೋಟಿಸ್ ಬೋರ್ಡಿನಲ್ಲಿ ಸಭೆಯ ವಿಷಯಪಟ್ಟಿ ಬಿತ್ತು. ಐದನೆಯದು: ಬಾದಾಮಿ ಮರದ ವಾಟರ್‌ಪ್ರೂಫಿಂಗ್, ಮೂರು ಕೊಟೇಶನ್ ತರಿಸುವ ಬಗ್ಗೆ.