ಭಾವಿ ಕಾರ್ಪೊರೇಟರ್

ಕಾಮಾಕ್ಷಿಪಾಳ್ಯದ ಲೇತ್ ಅಂಗಡಿ, ಪೌಡರ್ ಕೋಟಿಂಗ್ ಶೆಡ್ಡುಗಳ ಸಾಲಿನಲ್ಲಿ ಎಲ್ಲರ ಅಂಗಿಗೂ ಗ್ರೀಸು. ಒಂದೇ ಒಂದು ಅಂಗಿ ಮಾತ್ರ ಗಂಜಿ ಹಾಕಿದ ಬಿಳಿ. ಅದರೊಳಗಿರುವವನೇ ನಮ್ಮ ಭಾವಿ ಕಾರ್ಪೊರೇಟರ್. ಜ್ಞಾನಭಾರತಿಯಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದಾನೆ ಎನ್ನುವುದು ಅವನ ಫ್ಲೆಕ್ಸಿನ ಹೇಳಿಕೆ. ಹಾಜರಿ ಪುಸ್ತಕದ ಅಭಿಪ್ರಾಯ ಬೇರೆ.

ಕರ್ನಾಟಕದಲ್ಲಿ ಕಾಲೇಜು ಚುನಾವಣೆ ನಿಂತು ಮೂರು ದಶಕ ದಾಟಿತು. ಇದ್ದಿದ್ದರೆ ಪಾಪ, ಅಲ್ಲೇ ನಿಂತು, ಸೋತು, ಒಂದು ಕೆಲಸ ಹುಡುಕಿಕೊಳ್ಳುತ್ತಿದ್ದ. ಇಲ್ಲದ್ದರಿಂದ ನೇರ ಪಾಲಿಕೆಗೇ ಕಣ್ಣು ಹಾಕಿದ. ಅದಕ್ಕೆ ವಯಸ್ಸು 21 ತುಂಬಿರಬೇಕು. 2020ರ ಸೆಪ್ಟೆಂಬರಿನಲ್ಲಿ ಹಳೇ ಕಾರ್ಪೊರೇಟರುಗಳ ಅವಧಿ ಮುಗಿಯುವುದಕ್ಕೂ ಇವನಿಗೆ 21 ತುಂಬುವುದಕ್ಕೂ ಸರಿಹೋಯಿತು. ಅಜ್ಜಿ ದೃಷ್ಟಿ ತೆಗೆದರು. ಚುನಾವಣೆ ಬರಲಿಲ್ಲ.

198 ಇದ್ದ ವಾರ್ಡು 243 ಆಯಿತು. ಹೊಸ ಗಡಿ ಹಿಡಿದು ಮನೆಮನೆಗೆ ಕ್ಯಾಲೆಂಡರ್ ಹಂಚಿದ. ಆಮೇಲೆ 243 ಹೋಗಿ 225 ಬಂತು. ಕ್ಯಾಲೆಂಡರ್ ಪಡೆದ ಬೀದಿಗಳು ಪಕ್ಕದ ವಾರ್ಡಿನ ಪಾಲಾದವು ಎಂದು ಗೋಳಾಡಿದ. ವಾಪಸ್ ಕೇಳೋಕಾಗುತ್ತಾ? 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಒಡೆದು ಐದು ಪಾಲಿಕೆಯಾಯಿತು. ಹಳೇ ವಿಸಿಟಿಂಗ್ ಕಾರ್ಡಿನ ಮೇಲೆ ‘ಬೆಂಗಳೂರು ಪಶ್ಚಿಮ’ ಅಂತ ಚೀಟಿ ಅಂಟಿಸಿಕೊಂಡು ಓಡಾಡುತ್ತಿದ್ದಾನೆ. ಎಂ.ಎ. ಮುಗಿದರೆ ‘ವಿದ್ಯಾರ್ಥಿ ಮುಖಂಡ’ ಅನ್ನೋದು ಹೋಗಿಬಿಡುತ್ತದಲ್ಲ, ಅದಕ್ಕೆ ಎಲ್‌ಎಲ್‌ಬಿ ಅರ್ಜಿಯೂ ಜೇಬಿನಲ್ಲೇ ಇದೆ.

ಅವನ ಫ್ಲೆಕ್ಸನ್ನು ನೋಡಬೇಕು. 2018ರಲ್ಲಿ ಹೈಕೋರ್ಟ್ ಗದರಿದಾಗ ನಗರದ ಫ್ಲೆಕ್ಸುಗಳನ್ನೆಲ್ಲ ಕಿತ್ತಿದ್ದು ಅವನಿಗೆ ಗೊತ್ತು. ಆದ್ದರಿಂದ ರಾತ್ರಿ ಕಟ್ಟುತ್ತಾನೆ. ಮೇಲೆ ಕೆಂಪೇಗೌಡರು, ಅಂಬೇಡ್ಕರ್, ಅಪ್ಪು. ಕೆಳಗೆ ಅಂಚೆಚೀಟಿ ಗಾತ್ರದ ಹದಿನಾರು ಗೆಳೆಯರು. ನಡುವೆ ಕೈ ಮುಗಿದ ಇವನು. ಯಾವ ಪಕ್ಷ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲದ್ದರಿಂದ ಹಿನ್ನೆಲೆ ಹಳದಿ-ಕೆಂಪು.

ನಗುತ್ತೇವೆ, ಸರಿ. ಆದರೆ ಮಳೆಗೆ ಮೋರಿ ಕಟ್ಟಿಕೊಂಡರೆ ಬರುವವನು ಇವನೊಬ್ಬನೇ. ಎರಡು ಫೋಟೋ ತೆಗೆಸಿಕೊಂಡ ಮೇಲೆ ಕೋಲನ್ನೂ ಹಿಡಿಯುತ್ತಾನೆ. ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದ ಊರಿನಲ್ಲಿ ಬೈಯಲಿಕ್ಕಾದರೂ ಒಬ್ಬ ಬೇಡವೇ?

ಈಗ ಹೊಸ ಗಾಳಿಸುದ್ದಿ: ವಾರ್ಡು ಮಹಿಳೆಗೆ ಮೀಸಲಂತೆ. ಅರ್ಧ ಸೀಟು ಅವರದೇ ಆದ್ದರಿಂದ ತಳ್ಳಿಹಾಕುವಂತಿಲ್ಲ. ಅವತ್ತು ರಾತ್ರಿಯೇ, ‘ಅಮ್ಮಾ, ಹೆಣ್ಣು ನೋಡು. ಜಾತಕ ಗೀತಕ ಬೇಡ, ಓಟರ್ ಲಿಸ್ಟಲ್ಲಿ ಹೆಸರಿದ್ರೆ ಸಾಕು’ ಅಂದ. ಸುಂಕದಕಟ್ಟೆಯ ಹುಡುಗಿ, ಎಂ.ಕಾಂ. ಉಪ್ಪಿಟ್ಟು-ಕೇಸರಿಬಾತ್ ಆದ ಮೇಲೆ ಇವನು ಹೊಸ ಫ್ಲೆಕ್ಸಿನ ನಮೂನೆಯನ್ನೂ ವಾರ್ಡಿನ ಓಟರ್ ಲಿಸ್ಟನ್ನೂ ಟೀಪಾಯಿ ಮೇಲೆ ಹರಡಿದನಂತೆ.

‘ಎಲೆಕ್ಷನ್‌ಗೆ ನಿಲ್ಲೋದು ನಾನು ತಾನೆ? ಮತ್ತೆ ಇಷ್ಟು ದೊಡ್ಡ ಫೋಟೋ ಯಾರ್ದು?’

ಮದುವೆಗೆ ಒಪ್ಪಿಗೆ ಇನ್ನೂ ಬಂದಿಲ್ಲ. ಫ್ಲೆಕ್ಸಿನ ನಮೂನೆ ವಾಪಸ್ ಕಳಿಸಿದ್ದಾಳೆ. ಓಟರ್ ಲಿಸ್ಟ್ ಮಾತ್ರ ಇಟ್ಟುಕೊಂಡಿದ್ದಾಳೆ.