ಇಡೀ ತೊಡೆಗೊಬ್ಬ ಸೋಮಾರಿ ಬೇಕು

ಅಡುಗೆಮನೆ ಚುರುಕಿನವರ ರಾಜ್ಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಾಸಿವೆ ಸಿಡಿದ ಮರುಕ್ಷಣ ಕರಿಬೇವು ಬೀಳದಿದ್ದರೆ ಒಗ್ಗರಣೆ ಸೀದೀತು. ಮಗುಚುವವರು ಫೋನಿನತ್ತ ಕಣ್ಣು ಹಾಯಿಸಿದರೆ ದೋಸೆ ಕರಿಯಾದೀತು. ಇಲ್ಲಿ ಸೋಮಾರಿಗೆ ಸಿಗುವುದು ಬೆಳ್ಳುಳ್ಳಿ ಸುಲಿಯುವ ಕೆಲಸ, ಅದೂ ಬೈಗುಳದ ಜೊತೆಗೆ. ಅಂಥವರ ಮಾನ ಉಳಿಸುವ ಅಡುಗೆಯೊಂದು ಲೋಕದಲ್ಲಿದೆ: ಕುರಿಯ ತೊಡೆಯನ್ನು ಕೊಚ್ಚಿಸದೆ ಇಡಿಯಾಗಿ ಬೇಯಿಸುವುದು. ಇದಕ್ಕೆ ಕೈಚಳಕ ಅಷ್ಟಾಗಿ ಬೇಡ, ಸುಮ್ಮನೆ ಕೂರುವ ಶಕ್ತಿ ಬೇಕು. ಇಡೀ ತೊಡೆ ಕೆಟ್ಟಿತೆಂದರೆ ಬಹುತೇಕ ಸಲ ಕೆಡಿಸಿದವರು ಚುರುಕಿನವರೇ ಎಂಬುದು ನನ್ನ ವಾದ.

ಮಾಂಸದ ಗುಣವೇ ಇದಕ್ಕೆ ಸಾಕ್ಷಿ. ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮಾಂಸದ ಎಳೆಗಳು ಬಿಗಿದುಕೊಂಡು ತಮ್ಮ ನೀರನ್ನು ಹಿಂಡಿ ಹೊರಹಾಕತೊಡಗುತ್ತವೆ. ಬಲಿತ ಪ್ರಾಣಿಯ ತೊಡೆಯನ್ನು ಆ ಹಂತದಲ್ಲಿ ಬಡಿಸಿದರೆ ಲಾಭವಾಗುವುದು ಹಲ್ಲಿನ ಡಾಕ್ಟರಿಗೆ. 70 ಡಿಗ್ರಿ ದಾಟಿದ ಮೇಲೆ, ಎಳೆಗಳನ್ನು ಕಟ್ಟಿಹಿಡಿದಿರುವ ಕೊಲ್ಯಾಜನ್ ನಿಧಾನವಾಗಿ ಕರಗಿ ಜಿಲಾಟಿನ್ ಆಗುತ್ತದೆ, ಮಾಂಸ ಮತ್ತೆ ಮೆತ್ತಗಾಗುತ್ತದೆ. ಈ ಕೆಲಸಕ್ಕೆ ಗಂಟೆಗಟ್ಟಲೆ ಬೇಕು. ಇಂಗ್ಲೆಂಡಿನವರು ಭಾನುವಾರದ ಊಟಕ್ಕೆ ಹುರಿಯುವುದು ಒಂದು ವರ್ಷದೊಳಗಿನ ಕುರಿಮರಿಯ ತೊಡೆಯನ್ನು. ಅದು ಎಳೆಯದಾದ್ದರಿಂದ ಒಳಗೆ ಗುಲಾಬಿ ಬಣ್ಣವಿರುವಾಗಲೇ ತಟ್ಟೆಗೆ ಬಂದರೂ ನಡೆಯುತ್ತದೆ. ನಮ್ಮ ಮಟನ್ ಅಂಗಡಿಯಲ್ಲಿ ತೂಗುವುದು ಹೆಚ್ಚಾಗಿ ಬಲಿತ ಟಗರು ಇಲ್ಲವೇ ಮೇಕೆ. ನಮಗೆ ಹೊಂದುವುದು ಫ್ರಾನ್ಸಿನವರ ‘ಏಳು ಗಂಟೆಯ ತೊಡೆ’. ಮುಚ್ಚಿದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ ಬೇಯುವ ಅದನ್ನು ಬಡಿಸಲು ಚಾಕು ಬೇಡ, ಚಮಚ ಸಾಕು.

ಚುರುಕಿನವರು ಕೈ ಹಾಕುವುದು ಇಲ್ಲೇ. ಒಂದೂವರೆ ಕೆಜಿ ತೂಗುವ ತೊಡೆಗೆ ಹಿಂದಿನ ರಾತ್ರಿ ಉಪ್ಪು, ಮೊಸರು, ಮೆಣಸು, ಶುಂಠಿ-ಬೆಳ್ಳುಳ್ಳಿ ಸವರಿ, ಮರುದಿನ ಈರುಳ್ಳಿಯ ಹಾಸಿನ ಮೇಲಿಟ್ಟು, ಬಿಗಿಯಾಗಿ ಮುಚ್ಚಿ, 150 ಡಿಗ್ರಿಯ ಓವನ್ನಿನಲ್ಲಿ ನಾಲ್ಕೈದು ಗಂಟೆ ಬಿಟ್ಟರೆ ಕೆಲಸ ಮುಗಿಯಿತು. ಚುರುಕಿನವರಿಗೆ ಬಿಡುವುದೇ ಕಷ್ಟ. ಕಾಲು ಗಂಟೆಗೊಮ್ಮೆ ಬಾಗಿಲು ತೆರೆದು ನೋಡುತ್ತಾರೆ, ಒಳಗಿನ ಬಿಸಿ ಹೊರಗೆ ಓಡುತ್ತದೆ. ಬೆಂದಿಲ್ಲವೇನೋ ಎಂದು ಉರಿ ಏರಿಸುತ್ತಾರೆ, ತಳದ ಈರುಳ್ಳಿ ಸೀಯುತ್ತದೆ. ಬೇಗ ಮೆತ್ತಗಾಗಲೆಂದು ರಾತ್ರಿಯಿಡೀ ಪರಂಗಿಕಾಯಿ ಅರೆದು ಬಳಿದಿರುತ್ತಾರೆ. ಅದರ ಪಪೈನ್ ಮೇಲ್ಪದರವನ್ನಷ್ಟೇ ಹಿಟ್ಟುಹಿಟ್ಟು ಮಾಡಿ, ಒಳಗಿನ ಗಟ್ಟಿಯನ್ನು ಮುಟ್ಟದೆ ಬಿಡುತ್ತದೆ. ಇಂಥವರು ‘ಸಿಕಂದರಿ ರಾನ್’ ಎಂಬ ಇಡೀ ತೊಡೆಯ ಖಾದ್ಯದ ಹೆಸರು ಹೇಳಿ, ಸಿಕಂದರ್ ಎಂದರೆ ಅಲೆಕ್ಸಾಂಡರ್, ಅವನ ಕಾಲದ ಗುಟ್ಟು ಇದೆಂದು ಸಮರ್ಥಿಸಿಕೊಳ್ಳುವುದುಂಟು. ಪರಂಗಿಯೂ ಮೆಣಸಿನಕಾಯಿಯೂ ಅಮೆರಿಕ ಖಂಡದವು. ಭಾರತಕ್ಕೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಅಲೆಕ್ಸಾಂಡರ್ ಎಷ್ಟೇ ಅವಸರದವನಾಗಿದ್ದರೂ ಅವುಗಳಿಗಿಂತ ಸುಮಾರು 1,800 ವರ್ಷ ಮೊದಲೇ ಬಂದು ಹೋಗಿದ್ದ.

ಆಕ್ಷೇಪಗಳಿವೆ. ಮೊದಲನೆಯದು ಕುಕ್ಕರ್ ಪಕ್ಷದ್ದು: ಒಳಗೆ 120 ಡಿಗ್ರಿಯವರೆಗೆ ಬಿಸಿ ಏರಿಸಿ ಕೆಲವೇ ಕೂಗಿನಲ್ಲಿ ಮುಗಿಸುವ ಯಂತ್ರವಿರುವಾಗ ಅರ್ಧ ದಿನ ಏಕೆ ಕಾಯಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕುಕ್ಕರಿನಲ್ಲಿ ಗೆಲ್ಲುವುದು ಸಾರು. ತುಂಡುಗಳು ತಮ್ಮ ರಸವನ್ನು ಅದಕ್ಕೆ ದಾನ ಮಾಡಿ ಮುದ್ದೆಯ ಪಕ್ಕದಲ್ಲಿ ಸಾಕ್ಷಿಗಳಂತೆ ಕೂರುತ್ತವೆ. ಮುದ್ದೆ ಇರುವ ದಿನ ಸಾರೇ ಗೆಲ್ಲಲಿ, ನನ್ನದೇನೂ ತಕರಾರಿಲ್ಲ. ಮಾಂಸವೇ ಮುಖ್ಯವಾದ ದಿನಕ್ಕೆ ಮಾತ್ರ ನನ್ನ ವಾದ. ಮೇಲಾಗಿ ಇಡೀ ತೊಡೆ ಮನೆಯ ಕುಕ್ಕರಿಗೆ ಹಿಡಿಸುವುದೂ ಕಷ್ಟ. ಮುಚ್ಚಳದಾಚೆ ಕಾಲು ಚಾಚಿ ಅದೇ ಅಸಮ್ಮತಿ ಸೂಚಿಸುತ್ತದೆ. ಎರಡನೆಯ ಆಕ್ಷೇಪ, ಇಡೀ ತೊಡೆಗೆ ಮಸಾಲೆ ಇಳಿಯುವುದಿಲ್ಲ ಎಂಬುದು. ಇದು ನಿಜ. ಉಪ್ಪು ಸ್ವಲ್ಪ ಒಳಗಿಳಿಯುತ್ತದೆ, ಉಳಿದ ಮಸಾಲೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಆದರೆ ತಳದಲ್ಲಿ ಈರುಳ್ಳಿ, ಕೊಬ್ಬು, ಮಸಾಲೆ ಕೂಡಿದ ಗೊಜ್ಜು ತಾನಾಗಿ ತಯಾರಾಗಿರುತ್ತದೆ. ಬಿಡಿಸಿದ ಮಾಂಸವನ್ನು ಅದರಲ್ಲಿ ಹೊರಳಿಸಿದರೆ ದೂರು ವಜಾ. ಓವನ್ ಇಲ್ಲ ಎಂಬುದು ಮೂರನೆಯದು. ದಪ್ಪ ತಳದ ದೊಡ್ಡ ಪಾತ್ರೆ, ಬಿಗಿ ಮುಚ್ಚಳ, ಆಗಾಗ ಒಂದು ಲೋಟ ಬಿಸಿನೀರು ಇದ್ದರೆ ಸಣ್ಣ ಉರಿಯ ಒಲೆಯೂ ಅದೇ ಕೆಲಸ ಮಾಡುತ್ತದೆ. ಗ್ಯಾಸ್ ಖರ್ಚಾಗುತ್ತದೆ, ಒಪ್ಪಿದೆ. ಅದಕ್ಕೇ ಇದು ಹಬ್ಬದ ಮಾರನೆಯ ದಿನದ ಅಡುಗೆ, ದಿನನಿತ್ಯದ್ದಲ್ಲ.

ಪ್ರಯೋಗಕ್ಕೆ ಬನ್ನೂರು ಕುರಿ ಸಿಕ್ಕರೆ ಅದೃಷ್ಟ. ಮಂಡ್ಯ ಸೀಮೆಯ ಈ ಗಿಡ್ಡ ಕಾಲಿನ ತಳಿ ಮಾಂಸಕ್ಕೇ ಹೆಸರುವಾಸಿ. ಹಿಂದಿನಿಂದ ನೋಡಿದರೆ ತೊಡೆಗಳು ತುಂಬಿಕೊಂಡಿರುತ್ತವೆ, ಪಾತ್ರೆಯಲ್ಲೂ ಅಚ್ಚುಕಟ್ಟಾಗಿ ಕೂರುತ್ತವೆ. ಅಂಗಡಿಯವರು ರೂಢಿಯಂತೆ ಕತ್ತಿ ಎತ್ತುವ ಮೊದಲೇ ‘ಅಣ್ಣಾ, ಕೊಚ್ಚಬೇಡಿ, ಇಡೀ ತೊಡೆ ಕೊಡಿ’ ಎಂದು ಕೂಗಿ ಹೇಳಬೇಕು. ಅವಸರಕ್ಕೆ ಅವಕಾಶವಿರುವುದು ಅದೊಂದೇ ಕಡೆ. ಮನೆಗೆ ತಂದು ಒಲೆಗೇರಿಸಿದ ಮೇಲೆ ಮನೆಯ ಅತಿ ಚುರುಕಿನವರನ್ನು ಯಾವುದಾದರೂ ನೆಂಟರ ಮನೆಗೆ ಕಳುಹಿಸಿ, ಕಾವಲಿಗೆ ಸೋಮಾರಿಯನ್ನು ಕೂರಿಸಿ. ಇಳಿಸಿದ ಮೇಲೂ ಇಪ್ಪತ್ತು ನಿಮಿಷ ಯಾರೂ ಮುಟ್ಟದಂತೆ ನೋಡಿಕೊಳ್ಳಿ. ನಲ್ಲಿ ಮೂಳೆ ಆ ಸೋಮಾರಿಗೇ ಸಲ್ಲಬೇಕು.